ರೋಗದ ಭಯ ಮತ್ತು ನಮ್ಮ ಬಚ್ಚಲು ಮನೆ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸ ಮಾಲೆಯಲ್ಲಿ ನಿವೃತ್ತ ಹಿರಿಯ ಆರೋಗ್ಯ ಸಹಾಯಕರೊಬ್ಬರು ಮಾಡಿದ ಭಾಷಣ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. - ಸಂ.)



ಬೆಳ್ಳಿ ಹಬ್ಬದ ಸಭೆಯಲ್ಲಿ ಸಾಮಾನ್ಯವಾಗಿ ಠೇವಣಿ, ಸಾಲ, ವಸೂಲಾತಿ, ಲಾಭಾಂಶದ ಮಾತು ಬರುತ್ತದೆ. ಆ ವಿಷಯ ಮಾತಾಡಲು ನನಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಜ್ವರ, ಭೇದಿ, ಸೊಳ್ಳೆ, ಉಣುಗು ಅಂತ ಮನೆ ಮನೆ ತಿರುಗಿದವನು. ಮನೆಗೆ ಹೋದರೆ ಜಗಲಿಯಲ್ಲಿ ಕೂತು ಕಾಫಿ ಕುಡಿಯೋದಕ್ಕಿಂತ ಮೊದಲು ಹಿತ್ತಲು, ಕೊಟ್ಟಿಗೆ, ಬಚ್ಚಲು ನೋಡುವ ಕೆಟ್ಟ ಅಭ್ಯಾಸ ನನಗಿದೆ ಅಂತ ನಮ್ಮ ಮನೆಯವರೇ ಬೈಯುತ್ತಾರೆ. ಹಾಗಾಗಿ ಬಚ್ಚಲು ಮನೆಯ ವಿಷಯವನ್ನೇ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ದೊಡ್ಡ ರೋಗ ಬಂದಾಗ ಜನರ ನಿತ್ಯದ ಶುಚಿತ್ವದ ಅಭ್ಯಾಸ ಹೇಗೆ ಬದಲಾಗುತ್ತದೆ, ಆ ಬದಲಾವಣೆ ಎಷ್ಟು ದಿನ ಉಳಿಯುತ್ತದೆ ಅನ್ನೋದು ನನ್ನ ವಿಷಯ. ಕೊರೋನಾ ಎಲ್ಲರ ನೆನಪಿನಲ್ಲೂ ಇದೆ, ಅದರಿಂದ ಶುರು ಮಾಡೋಣ.

2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ದೇಶದ ಮೊದಲ ಕೊರೋನಾ ಸಾವು ಆಯಿತು. ಮಾರನೇ ದಿನ ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೇ ಹರಡಿದ ಸಾಂಕ್ರಾಮಿಕ ಅಂತ ಹೇಳಿತು. ಮಾರ್ಚ್ 25ರಿಂದ ಇಡೀ ದೇಶಕ್ಕೆ ಬೀಗ ಬಿತ್ತು. ಆದರೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಮೇ ತಿಂಗಳ 10ನೇ ತಾರೀಖಿನ ತನಕ ಒಂದೇ ಒಂದು ಪ್ರಕರಣವೂ ಇರಲಿಲ್ಲ. ಹಸಿರು ವಲಯ ಅಂತ ಪೇಪರಿನಲ್ಲಿ ಬರುತ್ತಿತ್ತು. ಒಬ್ಬರಿಗೂ ರೋಗ ಇಲ್ಲದ ಆ ಹೊತ್ತಿನಲ್ಲಿ ನಾವೆಲ್ಲ ಏನು ಮಾಡುತ್ತಿದ್ದೆವು ನೆನಪು ಮಾಡಿಕೊಳ್ಳಿ. ಅಂಗಳದಲ್ಲಿ ಬಕೆಟು, ಚೊಂಬು, ಸೋಪು. ಪೇಟೆಯಿಂದ ತಂದ ಹಾಲಿನ ಪ್ಯಾಕೆಟ್ಟನ್ನೂ ತೊಳೆದದ್ದೇ ತೊಳೆದದ್ದು. ತರಕಾರಿಗೆ ಉಪ್ಪುನೀರು, ಬಿಸಿನೀರು. ಬೆಂಗಳೂರಿನಿಂದ ಬಂದ ಸ್ವಂತ ಮಗನನ್ನು ಹದಿನಾಲ್ಕು ದಿನ ಅಟ್ಟದ ಮೇಲೆ ಇಟ್ಟು, ಮೆಟ್ಟಿಲ ಮೇಲೆ ಊಟದ ತಟ್ಟೆ ಇಟ್ಟು ಬಂದ ತಾಯಂದಿರು ಈ ಸಭೆಯಲ್ಲೇ ಇದ್ದೀರಿ. ಮೂಗು ಬಾಯಿಗೆ ಬಟ್ಟೆ ಇಲ್ಲದವನನ್ನು ಬಸ್ಸಿಗೆ ಹತ್ತಿಸುತ್ತಿರಲಿಲ್ಲ.

ನಮ್ಮ ಸಂಘದ ಬಾಗಿಲಲ್ಲೂ ಅಷ್ಟೆ. ನಲ್ಲಿ ಕೂರಿಸಿದ ನೀಲಿ ಡ್ರಮ್ಮು, ಪಕ್ಕದಲ್ಲಿ ದಾರ ಕಟ್ಟಿದ ಸೋಪು. ಪಡಿತರಕ್ಕೆ ನಿಲ್ಲೋಕೆ ಸುಣ್ಣದಲ್ಲಿ ಬರೆದ ವೃತ್ತ. ಇನ್ನೊಂದು ಸಂಗತಿ ನಾನು ಗಮನಿಸಿದ್ದು, ನೋಟು ಎಣಿಸುವ ಕ್ರಮ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಎಣಿಸೋದು ನಮ್ಮ ಕಡೆ ತಲೆತಲಾಂತರದ ರೂಢಿ. ಅಡಿಕೆ ಮಂಡಿಯಿಂದ ಹಿಡಿದು ಮದುವೆ ಮನೆಯ ಮುಯ್ಯಿಯ ತನಕ ಹಾಗೇ. ಆ ವರ್ಷ ಕೌಂಟರಿನ ಮೇಲೆ ನೀರು ಹಾಕಿದ ಸ್ಪಂಜಿನ ಡಬ್ಬಿ ಬಂತು. ಯಾರೂ ಸುತ್ತೋಲೆ ಕಳಿಸಿ ಹೇಳಿದ್ದಲ್ಲ. ಒಬ್ಬನ ಎಂಜಲು ಇನ್ನೊಬ್ಬನ ಜೇಬಿಗೆ ಹೋಗತ್ತೆ ಅನ್ನೋದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಮಾರನೇ ವರ್ಷ, ಅಂದರೆ 2021ರ ಏಪ್ರಿಲ್-ಮೇ ತಿಂಗಳಿನಲ್ಲಿ ಎರಡನೇ ಅಲೆ ಬಂತು. ನಿಜವಾದ ಸಾವು ನೋವು ನಮ್ಮ ಕೇರಿಗಳಿಗೆ ಬಂದದ್ದು ಆಗ. ಆದರೆ ಅಷ್ಟು ಹೊತ್ತಿಗೆ ಬಾಗಿಲ ಬಕೆಟಿನಲ್ಲಿ ನೀರು ತುಂಬಿಸೋದು ನಿಂತಿತ್ತು. ರೋಗ ಇಲ್ಲದಾಗ ಇದ್ದಷ್ಟು ಕೈತೊಳೆಯುವಿಕೆ ರೋಗ ಇದ್ದಾಗ ಇರಲಿಲ್ಲ! 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಸ್ಥಿತಿ ಮುಗಿಯಿತು ಅಂತ ಹೇಳುವ ಮೊದಲೇ ನಾವು ಮುಗಿಸಿಬಿಟ್ಟಿದ್ದೆವು. ಆ ವರ್ಷ ಫೆಬ್ರವರಿಯ ಸಾಗರದ ಮಾರಿಕಾಂಬಾ ಜಾತ್ರೆಯ ಜನಸಾಗರದಲ್ಲಿ ಮಾಸ್ಕು ಹಾಕಿದವರನ್ನು ಹುಡುಕಬೇಕಿತ್ತು. ಡ್ರಮ್ಮು ಈಗ ಎಲ್ಲಿದೆ ಅಂತ ಕಾರ್ಯದರ್ಶಿಗಳನ್ನು ಕೇಳಿದೆ. ಗೋದಾಮಿನ ಹಿಂದೆ ಮಳೆ ನೀರು ಹಿಡಿಯೋಕೆ ಇಟ್ಟಿದ್ದಾರಂತೆ. ಸೊಳ್ಳೆ ಮರಿ ಮಾಡದಂತೆ ಮುಚ್ಚಿಡಿ ಸ್ವಾಮಿ, ಡೆಂಗ್ಯೂ ಅಂತ ಇನ್ನೊಂದು ಇದೆ.

ಇದನ್ನು ನಾನು ಗೇಲಿ ಮಾಡೋಕೆ ಹೇಳುತ್ತಿಲ್ಲ. ಎಲ್ಲ ದೇಶದಲ್ಲೂ, ಎಲ್ಲ ಕಾಲದಲ್ಲೂ ಹೀಗೇ ಆಗಿದೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಅನ್ನುವ ವೈದ್ಯರು, ಹೆರಿಗೆ ಮಾಡಿಸುವ ಮುಂಚೆ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರಿ ಅಂತ ಕಟ್ಟುನಿಟ್ಟು ಮಾಡಿದರು. ಬಾಣಂತಿಯರ ಸಾವು ಇಳಿಯಿತು. ಆದರೂ ದೊಡ್ಡ ದೊಡ್ಡ ಡಾಕ್ಟರುಗಳೇ ಒಪ್ಪಲಿಲ್ಲ. ತಮ್ಮ ಕೈಯಿಂದ ರೋಗ ಹೋಗುತ್ತದೆ ಅಂತ ಒಪ್ಪೋದು ದೊಡ್ಡ ಮನುಷ್ಯರಿಗೆ ಕಷ್ಟ. ನಮ್ಮ ಕಡೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಮೈಸೂರು ಸಂಸ್ಥಾನದಲ್ಲೆಲ್ಲ ಹರಡಿತು. ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡರು. ಆ ಭಯಕ್ಕೇ ಬೆಂಗಳೂರಿನಲ್ಲಿ ಗಾಳಿ ಬೆಳಕು ಇರುವ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಪ್ಲೇಗಮ್ಮನ ಗುಡಿಗಳೂ ಉಳಿದವು. 1918ರ ಇನ್‌ಫ್ಲುಯೆಂಜಾದಲ್ಲಿ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು, ಅದರ ಗುರುತು ನಮ್ಮ ಮನೆಗಳ ನಡವಳಿಕೆಯಲ್ಲಿ ಹುಡುಕಿದರೂ ಸಿಗೋದಿಲ್ಲ.

ಹಾಗಾದರೆ ಉಳಿಯೋದು ಯಾವುದು? ನನ್ನ ಅನುಭವದಲ್ಲಿ, ನಾವು ಹೇಗೂ ದಿನಾ ಮಾಡುವ ಇನ್ನೊಂದು ಕೆಲಸಕ್ಕೆ ಅಂಟಿಕೊಂಡ ಅಭ್ಯಾಸ ಉಳಿಯುತ್ತದೆ, ಅದೂ ಅದಕ್ಕೆ ಬೇಕಾದ ನೀರು, ಜಾಗ ಕೈಗೆಟುಕುವಂತೆ ಇದ್ದರೆ ಮಾತ್ರ. ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರೋದು ನೋಡಿ. ಮಲೆನಾಡಿನಲ್ಲಿ ಆರು ತಿಂಗಳು ಕೆಸರು. ಅಂಗಳದ ಮೂಲೆಯಲ್ಲಿ ಕಲ್ಲು ಮರಿಗೆ, ಅದರಲ್ಲಿ ನೀರು. ನೆಂಟರು ಬಂದರೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ನೀರು. ಇದು ಯಾವ ರೋಗದ ಭಯದಿಂದ ಬಂತೋ, ಬರೀ ಕೆಸರಿನಿಂದ ಬಂತೋ, ಯಾರೂ ಕೇಳೋದಿಲ್ಲ. ಮಾಡುತ್ತಾರೆ ಅಷ್ಟೆ. ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯೋದೂ ಹಾಗೇ ಇತ್ತು, ಬಾಟಲಿ ನೀರು ಬಂದ ಮೇಲೆ ನಮ್ಮ ಮೊಮ್ಮಕ್ಕಳಿಗೆ ಅದು ಬರೋದಿಲ್ಲ. ಸ್ಪಂಜಿನ ಡಬ್ಬಿಯೂ ಕೌಂಟರಿನ ಮೇಲೆ ಇವತ್ತಿಗೂ ಇದೆ, ನಾನು ಬರುವಾಗ ನೋಡಿಕೊಂಡೇ ಬಂದೆ. ನೋಟು ಎಣಿಸೋದು ದಿನಾ ಇದ್ದದ್ದೇ, ನೀರೂ ಪಕ್ಕದಲ್ಲೇ ಇದೆ.

ಹಿರಿಯರಲ್ಲಿ ಕೆಲವರು ಆಗ ಹೇಳುತ್ತಿದ್ದರು, ನಮ್ಮ ಹಳೆಯ ಮಡಿಯನ್ನೇ ಇವರು ಈಗ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾರೆ ಅಂತ. ಆ ಮಾತನ್ನು ನಾನು ಪೂರ್ತಿ ಒಪ್ಪೋದಿಲ್ಲ. ಎಂಜಲು ಅನ್ನುವ ಕಲ್ಪನೆಯಲ್ಲಿ ಒಳ್ಳೆಯ ಅಂಶ ಇದೆ, ನಿಜ. ಆದರೆ ಮಡಿ ಮನುಷ್ಯರನ್ನು ನೋಡುತ್ತಿತ್ತು, ಯಾರು ಮುಟ್ಟಿದರು ಅಂತ ಕೇಳುತ್ತಿತ್ತು. ರೋಗಾಣು ಅದನ್ನು ಕೇಳೋದಿಲ್ಲ. ಒದ್ದೆ ಪಂಚೆ ಉಟ್ಟು ಮಡಿಯಲ್ಲಿದ್ದವರೇ ಒಂದೇ ಸುಣ್ಣದ ಡಬ್ಬಿಗೆ ಹತ್ತು ಜನ ಬೆರಳು ಹಾಕಿ ಕವಳ ಹಾಕುತ್ತಿದ್ದರು. ಸೋಪು ಯಾಕೆ ಬೇಕು ಅನ್ನೋದು ತುಪ್ಪದ ಪಾತ್ರೆ ತೊಳೆದವರಿಗೆ ಗೊತ್ತು. ಬರೀ ನೀರಿಗೆ ಜಿಡ್ಡು ಬಿಡೋದಿಲ್ಲ, ಬೂದಿಯೋ ಅಂಟುವಾಳವೋ ಸೋಪೋ ಬೇಕು. ಕೊರೋನಾ ವೈರಾಣುವಿನ ಹೊರಗವಚ ಜಿಡ್ಡಿನದು. ಸೋಪು ಆ ಜಿಡ್ಡನ್ನು ಒಡೆದರೆ ವೈರಾಣು ಅಲ್ಲೇ ಕೆಟ್ಟುಹೋಗುತ್ತದೆ. ಇಪ್ಪತ್ತು ಸೆಕೆಂಡು ಉಜ್ಜಿ ಅಂತ ಹೇಳುತ್ತಿದ್ದದ್ದು ಅದಕ್ಕೆ.

ಕವಳದ ಮಾತು ಬಂತು. ಅಡಿಕೆ ಬೆಳೆಗಾರರ ಸಂಘದಲ್ಲಿ ನಿಂತು ಇದನ್ನು ಹೇಳೋಕೆ ಸ್ವಲ್ಪ ಧೈರ್ಯ ಬೇಕು, ಆದರೂ ಹೇಳುತ್ತೇನೆ. 2020ರಲ್ಲಿ ಬಯಲಲ್ಲಿ ಉಗುಳಿದರೆ ದಂಡ ಅಂತ ಕೇಂದ್ರ ಸರ್ಕಾರವೇ ಆದೇಶ ಮಾಡಿತು. ಕ್ಷಯ ರೋಗದ ಭಯಕ್ಕೆ ನ್ಯೂಯಾರ್ಕ್ ನಗರದಲ್ಲಿ 1896ರಲ್ಲೇ ಇಂಥ ಕಾನೂನು ಬಂದಿತ್ತು. ನಮ್ಮ ಬಸ್ ನಿಲ್ದಾಣದ ಕಂಬಗಳು ಆ ಒಂದು ವರ್ಷ ಬೆಳ್ಳಗೆ ಇದ್ದವು. ಈಗ ಹೋಗಿ ನೋಡಿ. ಮನೆಯಲ್ಲಿ ಪೀಕದಾನಿ ಇತ್ತು, ಅದನ್ನು ತೆಗೆದುಕೊಂಡು ಹೋಗಿ ಚೆಲ್ಲುವ ಕ್ರಮ ಇತ್ತು. ಪೇಟೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ದಂಡದ ಭಯ ಹೋದ ದಿನವೇ ಅಭ್ಯಾಸವೂ ಹೋಯಿತು. ಇದಕ್ಕಿಂತ ಹೆಚ್ಚು ಹೇಳಿದರೆ ನನಗೆ ಊಟ ಹಾಕೋದಿಲ್ಲ ನೀವು.

ಇನ್ನು ನನ್ನ ನಿಜವಾದ ವಿಷಯಕ್ಕೆ ಬರುತ್ತೇನೆ. ನಾವೆಲ್ಲ ಹಾಲಿನ ಪ್ಯಾಕೆಟ್ಟು ತೊಳೆಯುತ್ತಿದ್ದ ಅದೇ 2020ರ ಬೇಸಿಗೆಯಲ್ಲಿ ಸಾಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಮಂಗನ ಕಾಯಿಲೆ ಇತ್ತು. ಇಲ್ಲದ ಕೊರೋನಾಕ್ಕೆ ಬಾಗಿಲಲ್ಲಿ ಬಕೆಟು ಇಟ್ಟೆವು, ಇದ್ದ ಮಂಗನ ಕಾಯಿಲೆಗೆ ಸಂಜೆ ಒಂದು ಸ್ನಾನ ಮಾಡಲಿಲ್ಲ. ಹೊಸ ರೋಗಕ್ಕೆ ಇರುವ ಹೆದರಿಕೆ ಹಳೆಯ ರೋಗಕ್ಕೆ ಇಲ್ಲ. ಇದು ಹೊಸನಗರದಲ್ಲಿ ಹೇಗೋ ತೀರ್ಥಹಳ್ಳಿಯಲ್ಲೂ ಹಾಗೇ.

ಈ ರೋಗ ನಮ್ಮ ನೆರೆಮನೆಯದು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲು ಸತ್ತವು, ಸುತ್ತಲಿನ ಹಳ್ಳಿಯವರಿಗೆ ಜ್ವರ ಬಂತು. ದಕ್ಷಿಣ ಅಮೆರಿಕದ ಹಳದಿ ಜ್ವರವೇ ಬಂತೇನೋ ಅಂತ ಮೊದಲು ಸಂಶಯಪಟ್ಟರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಪರೀಕ್ಷೆ ಮಾಡಿದಾಗ ಇದು ಜಗತ್ತಿಗೆ ಗೊತ್ತಿರದ ಹೊಸ ವೈರಾಣು, ಉಣುಗಿನಿಂದ ಹರಡುತ್ತದೆ ಅಂತ ತಿಳಿಯಿತು. ಅವರು ಸಾಗರದಲ್ಲೇ ಕ್ಷೇತ್ರ ಕೇಂದ್ರ ಇಟ್ಟುಕೊಂಡು ವರ್ಷಗಟ್ಟಲೆ ಕಾಡು ಸುತ್ತಿದರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಈ ರೋಗಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಹೆಸರು. ಊರಿಗೆ ಕೀರ್ತಿ ಬರುವ ಬೇರೆ ದಾರಿ ಇರಲಿಲ್ಲವೇ ಅಂತ ಸೊರಬದವರೊಬ್ಬರು ನನ್ನ ಹತ್ತಿರ ಕೇಳಿದ್ದರು.

ಇದು ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ. ಇದನ್ನು ಮೂರು ಸಲ ಹೇಳಬೇಕು, ಯಾಕೆಂದರೆ ಕೊರೋನಾ ಆದ ಮೇಲೆ ಮಂಗನ ಕಾಯಿಲೆ ಬಂದ ಮನೆಯವರನ್ನೂ ದೂರ ಇಡೋದನ್ನು ನೋಡಿದ್ದೇನೆ. ಅದು ತಪ್ಪು. ಮಾಸ್ಕು, ಅಂತರ ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಕಚ್ಚೋದು ಉಣುಗು, ಅದರಲ್ಲೂ ಎಳ್ಳಿನ ಕಾಳಿನಷ್ಟು ಇರುವ ಅದರ ಮರಿ. ಅದು ಹೆಚ್ಚಾಗುವುದು ಮಳೆ ನಿಂತು ನೆಲ ಒಣಗಿದ ಮೇಲೆ. ಡಿಸೆಂಬರಿನಿಂದ ಮೇ ತನಕ ರೋಗದ ಕಾಲ. ನಮ್ಮ ಕೆಲಸದ ಕಾಲವೂ ಅದೇ! ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸಿ ತರೋದು, ಕೊಟ್ಟಿಗೆಗೆ ಹಾಸೋದು, ಸೌದೆ ಕಡಿದು ಒಟ್ಟೋದು, ದನ ಮೇಯಿಸೋದು, ಎಲ್ಲ ಆಗಲೇ. ತಲೆಯ ಮೇಲೆ ದರಗಿನ ಕುಕ್ಕೆ ಹೊತ್ತು ಬರುವಾಗ ಎಷ್ಟು ಉಣುಗು ಕುತ್ತಿಗೆಗೆ ಇಳಿಯುತ್ತದೋ ಲೆಕ್ಕ ಇಲ್ಲ. ಕಚ್ಚಿ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದ ಹಾಗೆ ಜ್ವರ, ತಡೆಯಲಾರದ ತಲೆನೋವು, ಸೊಂಟ ಕಾಲುಗಳಲ್ಲಿ ಸೆಳೆತ, ವಾಂತಿ, ಕೆಲವರಿಗೆ ರಕ್ತಸ್ರಾವ. ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯೋದಿಲ್ಲ. ಇದಕ್ಕೆ ಅಂತ ಪ್ರತ್ಯೇಕ ಔಷಧಿ ಇಲ್ಲ, ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯೋದೊಂದೇ ದಾರಿ.

2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಶುರುವಾದದ್ದು ನಿಮಗೆ ಮರೆತಿರಲಾರದು. ಒಂದೇ ಬೇಸಿಗೆಯಲ್ಲಿ ಹತ್ತಕ್ಕಿಂತ ಹೆಚ್ಚು ಜೀವ ಹೋಯಿತು. ಒಂದು ಗ್ರಾಮ ಪಂಚಾಯಿತಿಯ ಮಟ್ಟಿಗೆ ಅದು ಎಂಥ ಲೆಕ್ಕ ಅಂತ ಯೋಚಿಸಿ. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಒಂದು ಎಳೆಯ ಜೀವ ಹೋಯಿತು. ಮೊದಲು ಲಸಿಕೆಯಾದರೂ ಇತ್ತು. ಎರಡು ಸಲ ಚುಚ್ಚಿಸಿಕೊಂಡು ಆಮೇಲೆ ವರ್ಷ ವರ್ಷ ಮತ್ತೆ ಹಾಕಿಸಬೇಕು, ತೋಳು ಎರಡು ದಿನ ನೋಯುತ್ತಿತ್ತು. ನಮ್ಮ ಜೀಪು ಕಂಡರೆ ಜನ ತೋಟಕ್ಕೆ ಇಳಿದುಬಿಡುತ್ತಿದ್ದರು. ಅದರ ಶಕ್ತಿ ಸಾಲದು ಅಂತ ಕಂಡುಬಂದು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬರುವ ತನಕ ನಮ್ಮ ಕೈಯಲ್ಲಿ ಇರೋದು ಮೈಗೆ ಹಚ್ಚುವ ಎಣ್ಣೆ, ಮೈತುಂಬ ಬಟ್ಟೆ, ಮತ್ತೆ ಬಚ್ಚಲು ಮನೆ.

ಬಚ್ಚಲು ಮನೆ ವಿಷಯದಲ್ಲಿ ಮಲೆನಾಡಿನವರಷ್ಟು ಶ್ರೀಮಂತರು ಬೇರೆ ಇಲ್ಲ. ಬಯಲುಸೀಮೆಯ ನೆಂಟರು ಬಂದರೆ ನಮ್ಮ ಹಂಡೆ ನೋಡಿ ಬೆರಗಾಗುತ್ತಾರೆ. ಒಲೆಯಲ್ಲಿ ಅಡಿಕೆ ಸಿಪ್ಪೆ, ಹಾಳೆ, ಕುಂಟೆ ಸದಾ ಉರಿಯುತ್ತಿರುತ್ತದೆ, ಕೊಡಗಟ್ಟಲೆ ಬಿಸಿನೀರು. ಇಷ್ಟಿದ್ದೂ ಎಲ್ಲಿ ತಪ್ಪುತ್ತದೆ ಅಂದರೆ ಹೊತ್ತಿನಲ್ಲಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಸ್ನಾನ ಅಂದರೆ ಬೆಳಗಿನದು, ಪೂಜೆಗೆ ಮೊದಲಿನದು. ಬೆಳಿಗ್ಗೆ ಮಿಂದು ಶುಚಿಯಾಗಿ ಬೆಟ್ಟಕ್ಕೆ ಹೋಗುತ್ತೇವೆ. ಮಧ್ಯಾಹ್ನ ಹತ್ತಿದ ಉಣುಗು ಸಂಜೆ ನಮ್ಮ ಜೊತೆ ಜಗಲಿಗೆ ಬರುತ್ತದೆ, ರಾತ್ರಿ ಹಾಸಿಗೆಗೆ ಬರುತ್ತದೆ, ಮಾರನೇ ಬೆಳಗಿನ ಸ್ನಾನದ ತನಕ ಆರಾಮಾಗಿ ರಕ್ತ ಕುಡಿಯುತ್ತದೆ. ಉಣುಗು ಕೂತ ತಕ್ಷಣ ಕಚ್ಚೋದಿಲ್ಲ, ಮೆತ್ತಗಿನ ಜಾಗ ಹುಡುಕಿಕೊಂಡು ಹರಿದಾಡುತ್ತದೆ. ಕಂಕುಳು, ಕಿವಿಯ ಹಿಂದೆ, ಸೊಂಟದ ಉಡಿದಾರದ ಕೆಳಗೆ, ತೊಡೆ ಸಂದಿ, ಹೆಂಗಸರಿಗೆ ಸೀರೆ ನೆರಿಗೆ ಕಟ್ಟುವ ಜಾಗ. ಹಾಗೆ ಹರಿದಾಡುವ ಹೊತ್ತಿನಲ್ಲೇ ಬಿಸಿನೀರು, ಸೋಪು ಹಾಕಿ ಉಜ್ಜಿದರೆ ಬಹುಪಾಲು ಉದುರಿ ಹೋಗುತ್ತದೆ. ಕಚ್ಚಿದ್ದೂ ಕೈಗೆ ಸಿಗುತ್ತದೆ, ಬೇಗ ತೆಗೆದಷ್ಟೂ ಒಳ್ಳೆಯದು. ಹಾಗಾಗಿ ನಾನು ಕೇಳೋದು ಹೊಸ ಅಭ್ಯಾಸ ಅಲ್ಲ. ಡಿಸೆಂಬರಿನಿಂದ ಮೇ ತನಕ, ಬೆಟ್ಟಕ್ಕೋ ಕಾಡಿಗೋ ಹೋದ ದಿನ, ಸ್ನಾನವನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಿಗ್ಗೆಯೂ ಬೇಕೆಂದವರು ಎರಡು ಹೊತ್ತು ಮಾಡಿ, ಹಂಡೆ ನಿಮ್ಮದೇ.

ಬಟ್ಟೆಯ ವಿಷಯ. ಬೆಟ್ಟಕ್ಕೆ ಹಾಕಿದ ಅಂಗಿಯನ್ನು ಬಚ್ಚಲ ಗೂಟಕ್ಕೆ ನೇತುಹಾಕಿ ನಾಳೆ ಮತ್ತೆ ಹಾಕೋದು ನಮ್ಮ ಪದ್ಧತಿ, ಕೊಳೆ ಕೆಲಸಕ್ಕೆ ಅದೇ ಇರಲಿ ಅಂತ. ಆ ಅಂಗಿ ಉಣುಗಿನ ತವರುಮನೆ. ತಣ್ಣೀರಿನಲ್ಲಿ ಅದ್ದಿ ತೆಗೆದರೆ ಉಣುಗು ಸಾಯೋದಿಲ್ಲ. ಕೈ ಸುಡುವಂಥ ಬಿಸಿನೀರಿಗೆ ಹಾಕಿ, ಒಗೆದು, ಬಿಸಿಲಿಗೆ ಹರಗಿ.

ಕಚ್ಚಿದ್ದನ್ನು ತೆಗೆಯೋದು ಹೇಗೆ ಅಂತ ಒಂದು ಮಾತು. ಉಗುರಲ್ಲಿ ಕಿತ್ತು, ಇನ್ನೊಂದು ಉಗುರ ಮೇಲಿಟ್ಟು ಚಟಕ್ ಅನ್ನಿಸೋದು ಚಿಕ್ಕಂದಿನಿಂದ ಬಂದ ಆಟ. ದಯವಿಟ್ಟು ಬಿಡಿ, ಅದರ ಹೊಟ್ಟೆಯಲ್ಲಿರುವುದು ನಿಮ್ಮ ಬೆರಳಿಗೆ ಬರುತ್ತದೆ. ಸೀಮೆಎಣ್ಣೆ, ಸುಣ್ಣ, ಬೀಡಿಯ ಬೆಂಕಿ ಯಾವುದೂ ಬೇಡ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲೆ ಎಳೆಯಿರಿ, ಸುಟ್ಟುಹಾಕಿ, ಜಾಗವನ್ನೂ ಕೈಯನ್ನೂ ಸೋಪಿನಲ್ಲಿ ತೊಳೆಯಿರಿ. ಕೊರೋನಾ ಕಲಿಸಿದ ಕೈತೊಳೆಯೋದು ಇಲ್ಲಾದರೂ ಉಪಯೋಗಕ್ಕೆ ಬರಲಿ. ಎಣ್ಣೆಯ ವಿಷಯದಲ್ಲೂ ಅದೇ. ಮೊದಲು ಡಿಎಂಪಿ ಕೊಡುತ್ತಿದ್ದೆವು, ಈಗ ರಕ್ಷಣಾ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ ಡೆಪಾ ಎಣ್ಣೆ ಕೊಡುತ್ತಾರೆ. ಕೈ, ಕಾಲು, ಕುತ್ತಿಗೆಗೆ ಹಚ್ಚಿ ಹೋಗಿ. ಕೆಲವು ಗಂಟೆ ಮಾತ್ರ ಅದರ ಬಲ, ಬೆವರಿ ಹೋದರೆ ಮತ್ತೆ ಹಚ್ಚಬೇಕು. ಎಣ್ಣೆ ಹಚ್ಚಿದ ಕೈಯಲ್ಲೇ ಕವಳ ಹಾಕಬೇಡಿ.

ಈಗ ಸ್ವಲ್ಪ ಬಿರುಸಿನ ಮಾತು. ಬೆಟ್ಟಕ್ಕೆ ಹೋಗಿ ದರಗು ಗುಡಿಸುವವರು ಯಾರು? ಈ ಸಭೆಯ ಮುಂದಿನ ಸಾಲಿನಲ್ಲಿ ಕೂತವರಲ್ಲಿ ಎಷ್ಟು ಜನ ಹೋಗುತ್ತೀರಿ? ಹೋಗುವವರು ಕೂಲಿ ಕೆಲಸದ ಹೆಂಗಸರು ಹೆಚ್ಚು. ಅವರು ಸಂಜೆ ಐದೂವರೆಗೆ ನಿಮ್ಮ ಅಂಗಳದಲ್ಲಿ ಕೊನೆಯ ಕುಕ್ಕೆ ಇಳಿಸಿ, ಅದೇ ಬಟ್ಟೆಯಲ್ಲಿ ನಡೆದು ಮನೆಗೆ ಹೋಗುತ್ತಾರೆ. ಹೋದ ಕೂಡಲೇ ಮಗು ಸೊಂಟ ಏರುತ್ತದೆ. ಅಲ್ಲಿ ಬಚ್ಚಲು ಅಂದರೆ ಹಿಂದುಗಡೆ ನಾಲ್ಕು ಗೂಟಕ್ಕೆ ಸುತ್ತಿದ ಸೋಗೆ ಇಲ್ಲವೆ ಪ್ಲಾಸ್ಟಿಕ್ಕು. ನೀರು ದೂರದಿಂದ ಹೊರಬೇಕು, ಕಾಯಿಸಬೇಕು, ಅದಕ್ಕೆ ಸೌದೆ ಬೇಕು. ಸೌದೆಗೆ ಮತ್ತೆ ಉಣುಗಿರುವ ಕಾಡಿಗೇ ಹೋಗಬೇಕು. ಅವರಿಗೆ ನಾನು ಹೋಗಿ, ಅಮ್ಮಾ ದಿನಾ ಸಂಜೆ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ ಅಂತ ಕರಪತ್ರ ಕೊಟ್ಟು ಬಂದರೆ ಅದು ಎಂಥ ಆರೋಗ್ಯ ಶಿಕ್ಷಣ? ಒಬ್ಬ ಹೆಂಗಸು ಕರಪತ್ರ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಹಂಡೆ ಯಾರ ಮನೇಲಿ ಐತೋ ಅವ್ರಿಗೆ ಕೊಡಿ ಇದ್ನ” ಅಂದಳು. ಅವಳು ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು.

ಹಾಗಾಗಿ ಹಂಡೆ ಇರುವ ಮನೆಯವರಿಗೇ ಇವತ್ತು ಹೇಳುತ್ತಿದ್ದೇನೆ. ದರಗಿನ ಕೆಲಸ ಇರುವ ದಿನ ಅರ್ಧ ಗಂಟೆ ಮುಂಚೆ ಕೆಲಸ ಬಿಡಿಸಿ. ಹಂಡೆಯಿಂದ ಬಿಸಿನೀರು, ಸೋಪು ಕೊಡಿ. ಕೆಲಸದವರು ನಮ್ಮ ಬಚ್ಚಲಿಗೆ ಹೇಗೆ ಬರೋದು ಅಂತ ಕೆಲವರ ಮನಸ್ಸಿನಲ್ಲಿ ಬಂದಿರಬಹುದು. ಕಾಲ ಎಷ್ಟು ಬದಲಾದರೂ ಆ ಮಾತು ಪೂರ್ತಿ ಹೋಗಿಲ್ಲ, ನನಗೆ ಗೊತ್ತು. ನಿಮ್ಮ ಬಚ್ಚಲು ಬೇಡವಾದರೆ ಕೊಟ್ಟಿಗೆಯ ಪಕ್ಕ ನಾಲ್ಕು ಗೋಡೆ, ಒಂದು ಬಾಗಿಲು, ಒಂದು ಚಿಲಕ ಇರುವ ಸ್ನಾನದ ಕೋಣೆ ಕಟ್ಟಿಸಿ. ಹೆಂಗಸರಿಗೆ ಮೈ ನೋಡಿಕೊಳ್ಳಲು ಮರೆ ಬೇಕು, ಬಯಲಲ್ಲಿ ಆಗೋದಿಲ್ಲ. ಬೆಳಿಗ್ಗೆ ಬಂದಾಗ ಹಾಕಿಕೊಳ್ಳೋಕೆ ಒಂದು ಹಳೆಯ ತುಂಬು ತೋಳಿನ ಅಂಗಿ, ಸಂಜೆ ಹೋಗುವಾಗ ಅದು ನಿಮ್ಮಲ್ಲೇ ಬಿಸಿನೀರಿಗೆ ಬೀಳಲಿ. ಕೊನೆ ಕೊಯ್ಲಿನ ಹೊತ್ತಿನಲ್ಲಿ ಅವರೊಬ್ಬರಿಗೆ ಜ್ವರ ಬಂದರೆ ನಿಮ್ಮ ಅಡಿಕೆ ಮರದಲ್ಲೇ ಉದುರುತ್ತದೆ, ಆ ಲೆಕ್ಕ ಹಾಕಿದರೂ ಸರಿ. ನನಗೆ ಮಾತ್ರ ಆ ಮಗುವಿನ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ.

ಸಂಘಕ್ಕೂ ಒಂದು ಅರ್ಜಿ. ಪಂಪ್‌ಸೆಟ್ಟಿಗೆ, ಸ್ಪ್ರಿಂಕ್ಲರಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ ಸಾಲ ಕೊಡುತ್ತೀರಿ. ಬಚ್ಚಲು ಮನೆಗೆ ಯಾಕೆ ಕೊಡಬಾರದು? ಸದಸ್ಯರಲ್ಲಿ ಕೂಲಿ ಕೆಲಸದ ಕುಟುಂಬದವರೂ ಇದ್ದಾರೆ. ಒಂದು ಸ್ನಾನದ ಕೋಣೆ, ಒಂದು ಒಲೆ, ಒಂದು ಹಂಡೆ. ಕಡಿಮೆ ಬಡ್ಡಿಯಲ್ಲಿ, ಅಡಿಕೆ ಕಾಲದಲ್ಲಿ ಕೂಲಿ ಬಂದಾಗ ಕಂತು ಕಟ್ಟುವ ಹಾಗೆ. ಬೈಲಾದಲ್ಲಿ ಅವಕಾಶ ಇದೆಯೋ ಇಲ್ಲವೋ ನಿರ್ದೇಶಕರು ನೋಡಬೇಕು. ಇಲ್ಲದಿದ್ದರೆ ಮಹಾಸಭೆಯಲ್ಲಿ ತಿದ್ದುಪಡಿ ಮಾಡೋಕೆ ಕೈ ಎತ್ತಬೇಕಾದವರು ನೀವೇ ಇದ್ದೀರಿ.

ಮಂಗ ಸತ್ತರೆ ಏನು ಮಾಡಬೇಕು ಅಂತ ಬಹಳ ಜನ ಕೇಳುತ್ತಾರೆ. ಹನುಮಂತನ ಅಂಶ ಅಂತ ಅರಿಸಿನ ಕುಂಕುಮ ಇಟ್ಟು ಮಣ್ಣು ಮಾಡುವವರಿದ್ದಾರೆ, ಅವರ ಭಕ್ತಿಗೆ ಕೈ ಮುಗಿಯುತ್ತೇನೆ. ಆದರೆ ಸತ್ತ ಮಂಗನ ಮೈ ತಣ್ಣಗಾದ ಕೂಡಲೇ ಉಣುಗುಗಳು ಇಳಿದು ಸುತ್ತಲಿನ ದರಗಿಗೆ ಸೇರುತ್ತವೆ. ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ತಿಳಿಸಿ. ಸುತ್ತ ಐವತ್ತು ಅಡಿ ಔಷಧಿ ಹಾಕುತ್ತಾರೆ. ಆ ಜಾಗದಲ್ಲಿ ಆ ಬೇಸಿಗೆ ದನ ಬಿಡಬೇಡಿ, ದರಗು ಗುಡಿಸಬೇಡಿ.

ಹೇಳಬೇಕಾದದ್ದು ಹೇಳಿದೆ. ಪ್ರಶ್ನೆಗಳಿದ್ದರೆ ಕೇಳಿ, ನಮಸ್ಕಾರ.

(ಭಾಷಣದ ನಂತರ ಸಭೆಯಿಂದ ಎರಡು ಪ್ರಶ್ನೆಗಳು ಬಂದವು.)

ಒಬ್ಬ ಸದಸ್ಯರು: ದನಗಳ ಮೈಮೇಲೆ ಉಣುಗು ಬಹಳ ಇರುತ್ತದೆ. ಅವಕ್ಕೆ ಈ ಕಾಯಿಲೆ ಬರುತ್ತದೆಯೇ?

ಉತ್ತರ: ದನಗಳಿಗೆ ಕಾಯಿಲೆ ಆಗೋದಿಲ್ಲ. ಆದರೆ ದೊಡ್ಡ ಉಣುಗುಗಳು ಅವುಗಳ ರಕ್ತ ಕುಡಿದು, ಕೆಳಗೆ ಬಿದ್ದು, ಮೊಟ್ಟೆ ಇಡುತ್ತವೆ. ಕಾಡಿನಲ್ಲಿ ಉಣುಗಿನ ಸಂಖ್ಯೆ ಹೆಚ್ಚೋದು ಹಾಗೆ. ಕಾಡಿನ ಉಣುಗನ್ನು ದನ ಮನೆಯ ಹತ್ತಿರಕ್ಕೂ ತರುತ್ತವೆ. ಪಶು ಆಸ್ಪತ್ರೆಯಲ್ಲಿ ಕೇಳಿ, ಮೈಗೆ ಹಚ್ಚುವ ಔಷಧಿ ಇದೆ. ಹಾಲು ಕರೆಯುವವರು ಕರೆದ ಮೇಲೆ ತೋಳು, ಮೊಣಕಾಲು ನೋಡಿಕೊಳ್ಳಿ.

ಸ್ವಸಹಾಯ ಸಂಘದ ಸದಸ್ಯೆಯೊಬ್ಬರು: ಎಣ್ಣೆ ನಾಲ್ಕು ದಿನಕ್ಕೇ ಮುಗಿಯುತ್ತದೆ. ಆರೋಗ್ಯ ಕೇಂದ್ರಕ್ಕೆ ಹೋಗಿ ಬರೋಕೆ ಅರ್ಧ ದಿನದ ಕೂಲಿ ಹೋಗುತ್ತದೆ. ಏನು ಮಾಡೋದು?

ಉತ್ತರ: ಸರಿಯಾದ ಪ್ರಶ್ನೆ. ಪಡಿತರಕ್ಕೆ ನೀವು ತಿಂಗಳಿಗೊಮ್ಮೆ ಇಲ್ಲಿಗೇ ಬರುತ್ತೀರಲ್ಲ. ಆರೋಗ್ಯ ಕ್ಷೇತ್ರದವರ ಜೊತೆ ಮಾತಾಡಿ ಎಣ್ಣೆಯ ಬಾಟಲಿಗಳನ್ನು ಸಂಘದ ಕೌಂಟರಿನಲ್ಲೇ ಇಟ್ಟರೆ, ಅಕ್ಕಿ ಚೀಲದ ಜೊತೆ ಅದನ್ನೂ ಕೊಡಬಹುದು. ಅಧ್ಯಕ್ಷರು ಇಲ್ಲೇ ಕೂತಿದ್ದಾರೆ, ತಲೆ ಆಡಿಸುತ್ತಿದ್ದಾರೆ. ಡಿಸೆಂಬರಿಗೆ ಮುಂಚೆ ಆಗಲಿ ಅಂತ ನೀವೆಲ್ಲ ಸೇರಿ ಒಂದು ಅರ್ಜಿ ಬರೆದು ಕೊಟ್ಟುಬಿಡಿ, ನಾನೂ ಸಹಿ ಹಾಕುತ್ತೇನೆ.